ಮನೆಯೊಳಗೆ ಏರ್‌ಗನ್: ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ

ನಮ್ಮ ಮಾಲೂರು ತಾಲೂಕಿನ ಮಾಸ್ತಿ ಕಡೆ ಏರ್‌ಗನ್ ಅಂದರೆ ಇಷ್ಟು ವರ್ಷ ಎರಡೇ ಚಿತ್ರ. ಒಂದು, ಜಾತ್ರೆಯ ಬಲೂನ್ ಅಂಗಡಿ. ಆವನಿ ಜಾತ್ರೆಗೋ ಚಿಕ್ಕತಿರುಪತಿಯ ಶ್ರಾವಣ ಶನಿವಾರಕ್ಕೋ ಹೋದವರೆಲ್ಲ ಒಮ್ಮೆಯಾದರೂ ಆ ಸೊಟ್ಟ ನಳಿಗೆಯ ಬಂದೂಕು ಹಿಡಿದಿರುತ್ತಾರೆ. ಇನ್ನೊಂದು, ಶ್ರೀನಿವಾಸಪುರದ ಕಡೆಯ ಮಾವಿನ ತೋಪಿನ ಕಾವಲುಗಾರನ ಹೆಗಲ ಮೇಲಿನದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ಮೂರನೆಯ ಚಿತ್ರವೊಂದು ಸೇರಿಕೊಂಡಿದೆ. ಡಿಗ್ರಿ ಓದುವ ಹುಡುಗ ಹುಡುಗಿಯರು ಏರ್ ರೈಫಲ್ ಕೊಂಡು ಮನೆ ಪಡಸಾಲೆಯಲ್ಲೇ ಗುರಿ ಕಟ್ಟಿ ಅಭ್ಯಾಸ ಶುರು ಮಾಡಿದ್ದಾರೆ.

ನಾನೂ ಅದೇ ಗುಂಪಿನವನು. ಹುಳು ಸಾಕೋದು ನಿಲ್ಲಿಸಿದ ಮೇಲೆ ಖಾಲಿ ಬಿದ್ದಿದ್ದ ರೇಷ್ಮೆ ಮನೆಯಲ್ಲಿ ಹವ್ಯಾಸಕ್ಕೆ 10 ಮೀಟರ್ ಅಭ್ಯಾಸ ಮಾಡುತ್ತೇನೆ. ಪದಕ ಗಿದಕದ ಆಸೆ ಇಲ್ಲ. ಆದರೆ ವಾರಕ್ಕೊಬ್ಬರಾದರೂ ಫೋನ್ ಮಾಡಿ "ಅಣ್ಣ, ಮನೇಲಿ ಹೊಡೀಬಹುದಾ? ಏನೂ ಆಗಲ್ಲ ಅಲ್ವಾ?" ಅಂತ ಕೇಳುತ್ತಾರೆ. ಹೊಡೆಯಬಹುದು. ಆದರೆ "ಏನೂ ಆಗಲ್ಲ" ಅನ್ನೋದು ಸುಳ್ಳು. ಈ ಎರಡು ಉತ್ತರಗಳ ನಡುವೆ ಇರುವುದನ್ನೆಲ್ಲ ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಆಟಿಕೆ ಅಲ್ಲ, ಲೆಕ್ಕ ನೋಡಿ

ಏರ್‌ಗನ್‌ನಲ್ಲಿ ಮದ್ದು ಇಲ್ಲ. ಒತ್ತಿದ ಗಾಳಿಯೋ ಅನಿಲವೋ ಸೀಸದ ಪುಟ್ಟ ಪೆಲೆಟ್ ಅನ್ನು ತಳ್ಳುತ್ತದೆ. ಒಲಿಂಪಿಕ್ ಸ್ಪರ್ಧೆಯ ಏರ್ ರೈಫಲ್‌ನ ನಳಿಗೆ 4.5 ಮಿಲಿಮೀಟರ್, ಅಂದರೆ ಅಂಗಡಿಯವರು ಪಾಯಿಂಟ್ ಒನ್ ಸೆವೆನ್ ಸೆವೆನ್ ಅನ್ನುವ ಅಳತೆ. ಪೆಲೆಟ್ ತೂಕ ಅರ್ಧ ಗ್ರಾಂ ಚಿಲ್ಲರೆ. ವೇಗ ಸೆಕೆಂಡಿಗೆ ಸುಮಾರು 175 ಮೀಟರ್. ಲೆಕ್ಕ ಹಾಕಿದರೆ ಶಕ್ತಿ 8 ಜೂಲ್ ಆಸುಪಾಸು ಬರುತ್ತದೆ.

ಈಗ ಇನ್ನೊಂದು ಲೆಕ್ಕ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. 20 ಜೂಲ್ ಅಂದರೆ ಅದೇ ಪೆಲೆಟ್ ಸೆಕೆಂಡಿಗೆ 275 ಮೀಟರ್ ವೇಗದಲ್ಲಿ ಹೊರಡುತ್ತದೆ. ಮನುಷ್ಯನ ಚರ್ಮ ತೂರಲು ಈ ಗಾತ್ರದ ಪೆಲೆಟ್‌ಗೆ ಸೆಕೆಂಡಿಗೆ 100 ಮೀಟರ್ ಸಾಕು. ಕಣ್ಣಿಗೆ ಅದೂ ಬೇಡ, ಸುಮಾರು ಅದರ ಅರ್ಧ ವೇಗದಲ್ಲೇ ಗುಡ್ಡೆ ಒಡೆಯಬಹುದು. ಅಂದರೆ ಲೈಸೆನ್ಸ್ ಇಲ್ಲದೆ ಸಿಗುವ ಬಂದೂಕು ಚರ್ಮ ತೂರುವ ವೇಗದ ಎರಡೂವರೆ ಪಟ್ಟು ವೇಗದಲ್ಲಿ ಹೊಡೆಯಬಲ್ಲದು. ಮೇಲಕ್ಕೆ ಓರೆಯಾಗಿ ಬಿಟ್ಟರೆ 300 ಮೀಟರ್ ದಾಟಿ ಹೋಗುತ್ತದೆ. ನಮ್ಮೂರಿನ ಬೀದಿಗಳ ಉದ್ದ ನೆನಪಿಸಿಕೊಳ್ಳಿ.

ಬೇರೆ ದೇಶಗಳು ಈ ಗೆರೆಯನ್ನು ಎಲ್ಲಿ ಎಳೆದಿವೆ? ಜರ್ಮನಿಯಲ್ಲಿ ಲೈಸೆನ್ಸ್ ಇಲ್ಲದ ಏರ್‌ಗನ್‌ಗೆ ಮಿತಿ 7.5 ಜೂಲ್. ಇಂಗ್ಲೆಂಡಿನಲ್ಲಿ ರೈಫಲ್‌ಗೆ ಸುಮಾರು 16, ಪಿಸ್ತೂಲಿಗೆ ಸುಮಾರು 8. ಸ್ಕಾಟ್ಲೆಂಡಿನಲ್ಲಂತೂ 2016ರ ಕೊನೆಯಿಂದ ಏರ್‌ಗನ್‌ಗೂ ಲೈಸೆನ್ಸ್ ಬೇಕು. ಇಂಗ್ಲೆಂಡಿನ ಕಾನೂನಿನಲ್ಲಿ ಎರಡು ಮಾತು ನನಗೆ ಬಹಳ ಹಿಡಿಸಿದವು. ಪೆಲೆಟ್ ನಿಮ್ಮ ಜಾಗದ ಗಡಿ ದಾಟಿದರೆ ಅಪರಾಧ. ಬಂದೂಕು 18 ತುಂಬದವರ ಕೈಗೆ ಸಿಗದಂತೆ ನೋಡಿಕೊಳ್ಳದಿದ್ದರೂ ಅಪರಾಧ. ಎರಡನ್ನೂ ಪಾಲಿಸಲು ನಯಾಪೈಸೆ ಖರ್ಚಿಲ್ಲ.

ನಮ್ಮಲ್ಲಿ ಅಂಗಡಿಯವರು ಗುರುತಿನ ಚೀಟಿ, ವಿಳಾಸದ ಪುರಾವೆ ತಗೊಂಡು ಕೊಡುತ್ತಾರೆ. ಆಮೇಲೆ ಆ ಬಂದೂಕು ಅಟ್ಟದ ಮೇಲಿದೆಯೋ, ಮಂಚದ ಕೆಳಗಿದೆಯೋ, ಏಳು ವರ್ಷದ ಮಗುವಿನ ಕೈಯಲ್ಲಿದೆಯೋ, ಬಂದು ನೋಡುವವರು ಯಾರೂ ಇಲ್ಲ. 5.5 ಮಿಲಿಮೀಟರಿನದ್ದು, ಅಂದರೆ ಪಾಯಿಂಟ್ ಟೂ ಟೂ, ಹಾಗೂ 20 ಜೂಲ್ ಮೀರಿದ್ದಕ್ಕೆ ಲೈಸೆನ್ಸ್ ಬೇಕೇ ಬೇಕು. "ಸ್ಪ್ರಿಂಗ್ ಬದಲಾಯಿಸಿ ಪವರ್ ಜಾಸ್ತಿ ಮಾಡಿಕೊಡ್ತೀನಿ" ಅನ್ನುವವರು ಎಲ್ಲ ಕಡೆ ಇದ್ದಾರೆ. ಅವರ ಮಾತು ಕೇಳಿದ ದಿನ ನಿಮ್ಮ ಆಟದ ಸಾಮಾನು ಲೈಸೆನ್ಸ್ ಇಲ್ಲದ ಆಯುಧವಾಗುತ್ತದೆ.

ಬಂದೂಕಿನ ರಾಜಕೀಯ ಒಂಚೂರು

ಈ ಸೈಟ್ ಓದುವವರಿಗೆ "ಪೆಲೆಟ್ ಗನ್" ಅಂದ ಕೂಡಲೇ ಕಾಶ್ಮೀರ ನೆನಪಾಗುತ್ತದೆ. ಅದು ಬೇರೆ. 2010ರಿಂದ ಅಲ್ಲಿ ಜನರ ಗುಂಪಿನ ಮೇಲೆ ಬಳಸಿದ್ದು, 2016ರಲ್ಲಿ ನೂರಾರು ಜನರ ಕಣ್ಣು ಕಸಿದಿದ್ದು 12 ಬೋರಿನ ಪಂಪ್ ಶಾಟ್‌ಗನ್. ಒಂದೇ ತೋಟಾದಲ್ಲಿ ನೂರಾರು ಗುಂಡು ಚದುರುತ್ತವೆ, ತಳ್ಳುವುದು ಮದ್ದು. ಏರ್ ರೈಫಲ್ ಒಂದು ಸಲಕ್ಕೆ ಒಂದೇ ಪೆಲೆಟ್ ಬಿಡುತ್ತದೆ. ಹೆಸರು ಒಂದೇ ಅಂತ ಎರಡನ್ನೂ ಗಂಟು ಹಾಕಬಾರದು. ಕಣ್ಣಿಗೆ ಬಿದ್ದಾಗ ಮಾತ್ರ ಎರಡರ ಫಲಿತಾಂಶ ಒಂದೇ.

ಕೊಡಗಿನ ವಿಷಯವೂ ಆಗಾಗ ಬರುತ್ತದೆ. ನಮ್ಮೂರಿನ ಹೆಸರು ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ 1983ರ ಜ್ಞಾನಪೀಠ ಬಂದದ್ದು ಕೊಡಗಿನ ಕೊನೆಯ ಅರಸನ ಕುರಿತ 'ಚಿಕವೀರ ರಾಜೇಂದ್ರ' ಕಾದಂಬರಿಗೆ. ನಮಗೂ ಕೊಡಗಿಗೂ ಇರುವ ಸಂಬಂಧ ಅಷ್ಟೇ ಅಂದುಕೊಂಡಿದ್ದೆ. ಆದರೆ ಹುಡುಗರು "ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ, ನಮಗ್ಯಾಕೆ ಇಷ್ಟೆಲ್ಲ?" ಅಂತ ವಾದ ತೆಗೆಯುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಿಂದ ಇರುವ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದ್ದು ನಿಜ. ಅದು ಲೈಸೆನ್ಸಿನ ವಿನಾಯಿತಿ. ಜಾಗ್ರತೆಯ ವಿನಾಯಿತಿ ಅಲ್ಲ.

2022ರ ಮೇ ತಿಂಗಳಲ್ಲಿ ಅದೇ ಕೊಡಗಿನ ಪೊನ್ನಂಪೇಟೆಯ ಶಾಲೆಯೊಂದರ ಆವರಣದಲ್ಲಿ ಬಜರಂಗದಳ ನಡೆಸಿದ ಶಿಬಿರದಲ್ಲಿ ಯುವಕರು ಬಂದೂಕು ಹಿಡಿದ ಫೋಟೋಗಳು ಹರಿದಾಡಿದವು. "ಅವು ಏರ್‌ಗನ್ ಅಷ್ಟೇ, ಕಾನೂನು ಉಲ್ಲಂಘನೆ ಏನಿಲ್ಲ" ಅನ್ನೋದು ಸಮರ್ಥನೆಯಾಗಿತ್ತು. "ಏರ್‌ಗನ್ ಅಷ್ಟೇ" ಅನ್ನುವ ಆ ಮಾತನ್ನು ಗಮನಿಸಿ. ಕ್ರೀಡೆಗೆಂದು ಬಿಟ್ಟ ಸಡಿಲಿಕೆಯನ್ನು ಬೇರೆ ಬೇರೆ ಉದ್ದೇಶಕ್ಕೆ ಬಳಸಿಕೊಳ್ಳುವವರು ಇದ್ದಾರೆ. ಹಾಗಾಗಿಯೇ ಕ್ರೀಡೆಗಾಗಿ ಹಿಡಿಯುವವರು ಶಿಸ್ತಿನಲ್ಲಿ ಎದ್ದು ಕಾಣಬೇಕು ಅಂತ ನನ್ನ ವಾದ. ಗುರಿ ಹಲಗೆಯಲ್ಲಿ ಮನುಷ್ಯನ ಆಕೃತಿ, ಮುಖ, ಫೋಟೋ ಅಂಟಿಸಬೇಡಿ. ವೃತ್ತ ಸಾಕು.

ಹಕ್ಕಿ, ಮಂಗಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಪಡೆದ ಪ್ರಾಣಿ ಪಕ್ಷಿಗೆ ಏರ್‌ಗನ್ ಹೊಡೆದರೂ ಅದು ಬೇಟೆಯೇ. ಬೀದಿ ನಾಯಿಗೆ ಹೊಡೆದರೆ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ನಿನಿಂದ ಕಾಡಿನ ಹಕ್ಕಿಗಳೇ ಖಾಲಿಯಾಗುತ್ತಿವೆ ಅಂತ 2021ರಲ್ಲಿ ಸರ್ಕಾರವೇ ಅಭಿಯಾನ ಮಾಡಿ ಜನರಿಂದ ಬಂದೂಕು ವಾಪಸ್ ಪಡೆಯಿತು. ಸಾವಿರಾರು ಜನ ತಾವಾಗಿಯೇ ತಂದು ಒಪ್ಪಿಸಿದರು.

ನಮ್ಮ ರಾಜ್ಯದ್ದೇ ಎರಡು ಸಂಗತಿ. 2025ರ ಫೆಬ್ರುವರಿಯಲ್ಲಿ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಗೋಡೆಗೆ ತೂಗುಹಾಕಿದ್ದ ಬಂದೂಕನ್ನು ಹುಡುಗನೊಬ್ಬ ಆಟಕ್ಕೆ ತೆಗೆದು, ಪುಟ್ಟ ಮಗು ಸತ್ತಿತು. ಅದು ಲೈಸೆನ್ಸ್ ಇದ್ದ ನಿಜವಾದ ಬಂದೂಕು. ಅದೇ ಸೆಪ್ಟೆಂಬರಿನಲ್ಲಿ ಶಿರಸಿ ಬಳಿ ಮಂಗ ಓಡಿಸಲು ಇಟ್ಟಿದ್ದ ಏರ್‌ಗನ್ ಮಕ್ಕಳ ಕೈಗೆ ಸಿಕ್ಕಿ ಒಂಬತ್ತು ವರ್ಷದ ಹುಡುಗ ಜೀವ ಬಿಟ್ಟ. ಎರಡೂ ಕೂಲಿ ಮಾಡಿ ಬದುಕುವ ಮನೆಗಳ ಮಕ್ಕಳು. ಬಂದೂಕು ಮಾತ್ರ ಆ ಮನೆಗಳ ಅಗತ್ಯಕ್ಕೆ ಬಂದದ್ದಲ್ಲ, ತೋಟದ, ಫಾರಂನ ಕಾವಲಿಗೆ ಬಂದದ್ದು. ಏರ್‌ಗನ್ ಕೊಂದೀತಾ ಅಂತ ಇನ್ನೂ ಅನುಮಾನ ಇದ್ದವರು ಶಿರಸಿಯದ್ದನ್ನು ಮತ್ತೊಮ್ಮೆ ಓದಿ.

ಯಾವ ಕೋಣೆ, ಯಾವ ಗೋಡೆ

ಈಗ ಮನೆಯೊಳಗೆ ಬರೋಣ. ಅಂತರರಾಷ್ಟ್ರೀಯ ಸ್ಪರ್ಧೆಯ ದೂರ 10 ಮೀಟರ್, ಸುಮಾರು 33 ಅಡಿ. ಗುರಿಯ ಕೇಂದ್ರ ನೆಲದಿಂದ 1.4 ಮೀಟರ್ ಎತ್ತರ. ಸೈಟ್ ಮೂವತ್ತು ನಲವತ್ತರದ್ದಾದರೆ ಒಳಗೆ ಅಷ್ಟು ಉದ್ದ ಸಿಗುವುದೇ ಕಷ್ಟ. 5 ಮೀಟರಿನಲ್ಲಿ ಅರ್ಧಕ್ಕೆ ಕುಗ್ಗಿಸಿದ ಗುರಿ ಹಾಳೆ ಹಾಕಿ ಅಭ್ಯಾಸ ಮಾಡಬಹುದು, ಕಣ್ಣಿಗೆ ಅಷ್ಟೇ ಗಾತ್ರ ಕಾಣುತ್ತದೆ. ಆದರೆ ದೂರ ಕಡಿಮೆಯಾದಷ್ಟೂ ಪುಟಿದು ಬರುವ ಚೂರು ನಿಮ್ಮ ಮುಖಕ್ಕೆ ಹತ್ತಿರ. 5 ಮೀಟರಿಗಿಂತ ಕಡಿಮೆ ಬೇಡ.

ಕೋಣೆ ಆರಿಸುವಾಗ ಮೊದಲು ನೋಡಬೇಕಾದ್ದು ಉದ್ದ ಅಲ್ಲ, ಬಾಗಿಲು. ಗುರಿಯ ಪಕ್ಕದಲ್ಲಿ, ಹಿಂದೆ, ಅಥವಾ ನಿಮಗೂ ಗುರಿಗೂ ನಡುವೆ ಯಾರಾದರೂ ಒಳಗೆ ಬರಬಹುದಾದ ಬಾಗಿಲು ಇರಬಾರದು. ಇದ್ದರೆ ಒಳಗಿನಿಂದ ಚಿಲಕ ಹಾಕಿರಬೇಕು. ಬರುವವರು ಯಾರೇ ಆಗಲಿ ನಿಮ್ಮ ಬೆನ್ನ ಹಿಂದಿನಿಂದಲೇ ಬರುವಂತಿರಬೇಕು. ನಮ್ಮ ಮನೆಗಳಲ್ಲಿ ಬಾಗಿಲು ಬಡಿದು ಬರುವ ಪದ್ಧತಿ ಇಲ್ಲವಲ್ಲ. ಪಕ್ಕದ ಮನೆಯ ಅಜ್ಜಿ ಮೊಸರಿಗೆ ಹೆಪ್ಪು ಕೇಳಿಕೊಂಡು ನೇರ ಅಡುಗೆಮನೆಗೇ ಬರುತ್ತಾರೆ. ಅದಕ್ಕೇ ಹೊರಗೆ ಕೆಂಪು ಬಟ್ಟೆ ಕಟ್ಟಿ, ಮನೆಯವರಿಗೆಲ್ಲ "ಈಗಿಂದ ಒಂದು ಗಂಟೆ ಹೊಡೀತೀನಿ" ಅಂತ ಹೇಳಿ ಶುರು ಮಾಡಬೇಕು. ಟೆರೇಸ್ ಮೇಲೆ ಬೇಡವೇ ಬೇಡ. ಅಲ್ಲಿ ಗುರಿ ತಪ್ಪಿದ ಪೆಲೆಟ್‌ಗೆ ತಡೆಯೇ ಇಲ್ಲ.

ಇನ್ನು ಗೋಡೆ. ಕೋಲಾರ ಜಿಲ್ಲೆಯ ಹಳೆ ಮನೆ, ಕೊಟ್ಟಿಗೆ, ಶೆಡ್ಡುಗಳಲ್ಲಿ ಕಲ್ಲು ಚಪ್ಪಡಿ ಜಾಸ್ತಿ. ಗೋಡೆಗೂ ಚಪ್ಪಡಿ, ಬೇಲಿಗೂ ಕಲ್ಲುಕಂಬ. ನೋಡೋಕೆ "ಕಲ್ಲು ತಾನೇ, ತೂರಲ್ಲ" ಅನ್ನಿಸುತ್ತದೆ. ತೂರುವುದಿಲ್ಲ, ನಿಜ. ವಾಪಸ್ ಬರುತ್ತದೆ. ಗ್ರಾನೈಟ್, ಕಾಂಕ್ರೀಟ್, ನೆಲದ ಟೈಲ್ಸ್, ಕಬ್ಬಿಣದ ಗೇಟು ಎಲ್ಲವೂ ಪೆಲೆಟ್ ಪುಟಿಸುತ್ತವೆ. ಓರೆಯಾಗಿ ತಾಗಿದರೆ ಇನ್ನೂ ಕೆಟ್ಟದು, ವೇಗ ಹೆಚ್ಚು ಕಳೆಯದೆ ದಿಕ್ಕು ಮಾತ್ರ ಬದಲಾಗುತ್ತದೆ. ಬೆಳಕಿಂಡಿಯ ಗಾಜು, ಟ್ಯೂಬ್‌ಲೈಟ್, ಗ್ಯಾಸ್ ಸಿಲಿಂಡರ್, ಬಯಲಲ್ಲಿ ಓಡುವ ವೈರು, ಇವೆಲ್ಲ ಗುರಿಯ ಸಾಲಿನಿಂದ ದೂರ ಇರಬೇಕು. ಶೀಟು ಹೊದಿಸಿದ ಗೋಡೆ, ಹಾಲೊ ಬ್ಲಾಕ್, ಬಾಗಿಲ ಹಲಗೆ ಇವನ್ನು ತಡೆ ಅಂತ ನಂಬಬೇಡಿ.

ಉಕ್ಕಿನ ಗುಂಡು ಹಾಕುವ ಏರ್‌ಗನ್‌ಗಳೂ ಸಿಗುತ್ತವೆ, ಅವಕ್ಕೆ ಬಿ.ಬಿ. ಅನ್ನುತ್ತಾರೆ. ಮನೆಯೊಳಗೆ ಅವನ್ನು ಬಳಸಲೇಬೇಡಿ. ಸೀಸ ಮೆತ್ತಗಿರುವುದರಿಂದ ತಾಗಿದಲ್ಲಿ ಚಪ್ಪಟೆಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಉಕ್ಕಿನ ಗುಂಡು ಚೆಂಡಿನಂತೆ ತಿರುಗಿ ಬರುತ್ತದೆ.

ತಡೆ ಪೆಟ್ಟಿಗೆ: ಇಲ್ಲಿ ಕಂಜೂಸಿ ಬೇಡ

ಅಂಗಡಿಯಲ್ಲಿ ಸಿಗುವ ಉಕ್ಕಿನ ಪೆಲೆಟ್ ಟ್ರ್ಯಾಪ್ ಒಳ್ಳೆಯದೇ. ಒಳಗಿನ ತಗಡು ಓರೆಯಾಗಿದ್ದು ಪೆಲೆಟ್ ಕೆಳಗಿನ ತಟ್ಟೆಗೆ ಬೀಳುತ್ತದೆ. ತಗಡು ನೆಟ್ಟಗೆ ನಿಂತಿರುವ ಅಗ್ಗದ ಟ್ರ್ಯಾಪ್ ಬೇಡ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ನಾನು ಬಳಸುವ ವಿಧಾನ ಇದು. 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಒಂದೂವರೆ ಅಡಿ ಚೌಕದ, ಅರ್ಧ ಅಡಿಗಿಂತ ಆಳದ ಪೆಟ್ಟಿಗೆ. ಒಳಗೆ ಹಿಂಬದಿಗೆ 3 ಮಿಲಿಮೀಟರ್ ಕಬ್ಬಿಣದ ತಗಡು. ಅದರ ಮುಂದೆ ಒತ್ತಿ ಒತ್ತಿ ತುಂಬಿದ ಹಳೇ ಬಟ್ಟೆ ಚಿಂದಿ. ಮುಂಬದಿಗೆ ರಟ್ಟು, ಅದರ ಮೇಲೆ ಗುರಿ ಹಾಳೆ. ಒಂದೇ ಜಾಗಕ್ಕೆ ಹೊಡೆದು ಹೊಡೆದು ಬಟ್ಟೆ ಸರಿದು ಮಧ್ಯೆ ಟೊಳ್ಳಾಗುತ್ತದೆ. ಆಗ ಪೆಲೆಟ್ ನೇರ ತಗಡಿಗೆ ಬಡಿಯುತ್ತದೆ. 'ಠಣ್' ಅಂತ ಸದ್ದು ಕೇಳಿದರೆ ನಿಲ್ಲಿಸಿ, ಬಟ್ಟೆ ಮತ್ತೆ ತುಂಬಿ.

ಪೆಟ್ಟಿಗೆಯೇ ಸಾಕು ಅಂದುಕೊಳ್ಳಬಾರದು. ಹೊಸಬರ ಹೊಡೆತ ಪೆಟ್ಟಿಗೆಯನ್ನೇ ತಪ್ಪಿಸಿಕೊಂಡು ಹೋಗುತ್ತದೆ. ಅದರ ಹಿಂದೆ ನಾಲ್ಕಡಿಗೆ ನಾಲ್ಕಡಿ ಪ್ಲೈವುಡ್ ಹಲಗೆ ನಿಲ್ಲಿಸಿ, ಹಲಗೆಯ ಮುಂದೆ ದಪ್ಪನೆಯ ಹಳೇ ಕಂಬಳಿ ಇಳಿಬಿಡಿ. ಬಿಗಿಯಾಗಿ ಎಳೆದು ಮೊಳೆ ಹೊಡೆಯಬೇಡಿ. ಸಡಿಲವಾಗಿ ತೂಗುವ ಕಂಬಳಿ ಪೆಲೆಟ್‌ನ ವೇಗವನ್ನು ನುಂಗುತ್ತದೆ, ಹಲಗೆಯಿಂದ ಪುಟಿದದ್ದನ್ನೂ ಹಿಡಿದುಕೊಳ್ಳುತ್ತದೆ. ನೆಲಕ್ಕೂ ಗುರಿಯಿಂದ ಮೂರು ಅಡಿಯಷ್ಟು ಜಮಖಾನೆ ಹಾಸಿ.

ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಹಾಗಾಗಿ "ಹೆಂಚಿನ ಮಣ್ಣು ಕಲಸಿ ಪೆಟ್ಟಿಗೆಗೆ ತುಂಬಿದರೆ ಆಗಲ್ವಾ?" ಅಂತ ಒಬ್ಬ ಕೇಳಿದ. ಹಸಿ ಇದ್ದಾಗ ಚೆನ್ನಾಗಿಯೇ ಹಿಡಿಯುತ್ತದೆ. ಒಣಗಿದ ಮೇಲೆ ಅದೇ ಇಟ್ಟಿಗೆ, ಪುಟಿಸುತ್ತದೆ. ಮೇಲಾಗಿ ಪ್ರತಿ ಹೊಡೆತಕ್ಕೂ ಸೀಸ ಬೆರೆತ ಧೂಳು ಏಳುತ್ತದೆ. ಮರಳಿನ ಚೀಲದ್ದೂ ಅದೇ ಕಥೆ, ತೂತಾಗಿ ಸುರಿಯುತ್ತದೆ.

ಹೊಡೆಯುವವರು, ಪಕ್ಕದಲ್ಲಿ ನಿಂತು ನೋಡುವವರು, ಇಬ್ಬರಿಗೂ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ. ವೆಲ್ಡಿಂಗ್, ಗ್ರೈಂಡಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಓದುವ ಕನ್ನಡಕದ ಗಾಜು ಇದಕ್ಕೆ ಆಗದು.

ಕೈಯಲ್ಲಿ ಹಿಡಿದಾಗ

ನಳಿಗೆ ಸದಾ ಗುರಿಯ ಕಡೆ. ಬೆರಳು ಟ್ರಿಗರ್ ಮೇಲಲ್ಲ, ಪಕ್ಕದಲ್ಲಿ. ಬಂದೂಕು ಖಾಲಿ ಅಂತ ಯಾರೇ ಹೇಳಿದರೂ ತುಂಬಿದೆ ಅಂತಲೇ ಭಾವಿಸಿ. ಇದು ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿಲ್ಲದವು ಬೇರೆ ಕೆಲವಿವೆ.

ನಮ್ಮಲ್ಲಿ ಹೆಚ್ಚಾಗಿ ಸಿಗುವುದು ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಏರ್‌ಗನ್. ಮಡಚಿದಾಗ ನಳಿಗೆಯನ್ನು ಒಂದು ಕೈ ಬಿಡದೆ ಹಿಡಿದಿರಬೇಕು. ಪೆಲೆಟ್ ಇಡುವ ಹೊತ್ತಿಗೆ ಕೈ ಬಿಟ್ಟು, ಟ್ರಿಗರ್ ಜಾರಿದರೆ ನಳಿಗೆ ಅಡಕತ್ತರಿಯಂತೆ ಮುಚ್ಚಿಕೊಳ್ಳುತ್ತದೆ. ಬೆರಳು ಹೋಗುತ್ತದೆ. ಪೆಲೆಟ್ ಇಲ್ಲದೆ ಸುಮ್ಮನೆ ಟ್ರಿಗರ್ ಎಳೆಯಬಾರದು, ಪಿಸ್ಟನ್ ಬಡಿದು ಹಾಳಾಗುತ್ತದೆ. ಒಮ್ಮೆ ಲೋಡ್ ಮಾಡಿದ ಮೇಲೆ ಯಾರಾದರೂ ಕರೆದರೆ ಹಾಗೇ ಗೋಡೆಗೆ ಒರಗಿಸಿ ಹೋಗಬೇಡಿ. ಪೆಟ್ಟಿಗೆಗೆ ಹೊಡೆದು ಖಾಲಿ ಮಾಡಿಯೇ ಹೋಗಿ.

ಎಣ್ಣೆಯ ವಿಷಯ. ಗಾಳಿ ಒತ್ತುವ ಕೊಳವೆಯೊಳಗೆ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬೈಕ್ ಆಯಿಲನ್ನೋ ಬಿಡುವ ಅಭ್ಯಾಸ ಇದೆ. ಒತ್ತಡಕ್ಕೆ ಬಿಸಿಯಾದ ಗಾಳಿಯಲ್ಲಿ ಆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಆದಂತೆ ಹೊತ್ತಿಕೊಳ್ಳುತ್ತದೆ. ದೊಡ್ಡ ಸದ್ದು, ಹೊಗೆ, ಪೆಲೆಟ್‌ಗೆ ಲೆಕ್ಕಕ್ಕೆ ಸಿಗದ ವೇಗ. ಹುಡುಗರು ಇದನ್ನು "ಪವರ್ ಬಂತು" ಅಂತ ಖುಷಿಪಡುತ್ತಾರೆ. ಸೀಲು ಒಡೆಯುವ ದಾರಿ ಅದು. ಕಂಪನಿ ಹೇಳಿದ ಸಿಲಿಕೋನ್ ಎಣ್ಣೆ ಬಿಟ್ಟು ಬೇರೆ ಬೇಡ.

ಸ್ಪರ್ಧೆಯ ರೈಫಲ್‌ಗಳು ಮೊದಲೇ 200 ಬಾರ್ ಒತ್ತಡದ ಗಾಳಿ ತುಂಬಿಸಿದ ಸಿಲಿಂಡರಿನಲ್ಲಿ ಓಡುತ್ತವೆ. ಕಾರಿನ ಟಯರಿನಲ್ಲಿ ಇರುವುದು 2 ಬಾರ್ ಚಿಲ್ಲರೆ, ಹೋಲಿಸಿ ನೋಡಿ. ಸಿಲಿಂಡರಿನ ಮೇಲೆ ಬರೆದಿರುವ ಅವಧಿ ಮುಗಿದರೆ ಬಳಸಬೇಡಿ. ಬಿಸಿಲಲ್ಲಿ, ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ಅಂತರರಾಷ್ಟ್ರೀಯ ನಿಯಮದಲ್ಲಿ ಹೊಡೆಯದ ಹೊತ್ತಿನಲ್ಲಿ ನಳಿಗೆಯೊಳಗೆ ಬಣ್ಣದ ದಾರ ಹಾಕಿರಲೇಬೇಕು. ದಾರ ಎರಡೂ ಕಡೆ ಕಂಡರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಭ್ಯಾಸ ಮುಗಿದ ಮೇಲೆ ಬಂದೂಕು ಒಂದು ಬೀರುವಿನಲ್ಲಿ, ಪೆಲೆಟ್ ಡಬ್ಬಿ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಕೀಲಿ ದೇವರ ಮನೆಯ ಗೂಡಿನಲ್ಲಿ ಬೇಡ, ಆ ಜಾಗ ಮಕ್ಕಳಿಗೆ ಮೊದಲು ಗೊತ್ತು.

ಕಾಣದ ಅಪಾಯ: ಸೀಸ

ಯಾರೂ ಕೇಳದ ಪ್ರಶ್ನೆ ಇದು, ನನಗೆ ಅತಿ ಮುಖ್ಯ ಅನ್ನಿಸುವುದೂ ಇದೇ. ಪೆಲೆಟ್ ತಗಡಿಗೆ ಬಡಿದಾಗ ಪುಡಿಯಾಗಿ ಸೀಸದ ಸಣ್ಣ ಧೂಳು ಏಳುತ್ತದೆ. ಬೆರಳಿಗೂ ಸೀಸ ಅಂಟುತ್ತದೆ. ಕೆಲವರು ಲೋಡ್ ಮಾಡುವಾಗ ಪೆಲೆಟ್‌ಗಳನ್ನು ಬಾಯಲ್ಲಿ ಕಚ್ಚಿಟ್ಟುಕೊಳ್ಳುತ್ತಾರೆ, ಟೈಲರ್ ಗುಂಡುಸೂಜಿ ಇಟ್ಟುಕೊಂಡ ಹಾಗೆ. ದಯವಿಟ್ಟು ಬೇಡ.

ಸೀಸಕ್ಕೆ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಮಿದುಳಿನ ಬೆಳವಣಿಗೆಗೇ ಕೈ ಹಾಕುತ್ತದೆ. ಗರ್ಭಿಣಿಯರಿಗೂ ಅಷ್ಟೇ ಅಪಾಯ. ಪೇಂಟು, ಬ್ಯಾಟರಿಗಳ ಸೀಸದ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಎಚ್ಚರಿಸಿದರು. ದೇಶದ ಸೀಸ ವಿಷದ ಪರೀಕ್ಷೆಯ ಕೆಲಸಕ್ಕೆ ಒಂದು ನೆಲೆ ಒದಗಿಸಿದವರೇ ಅವರು. ಅವರ ರಾಜ್ಯದಲ್ಲಿ ಕೂತು ನಾವು ಮಗು ಅಂಬೆಗಾಲಿಡುವ ಪಡಸಾಲೆಯಲ್ಲೇ ಸೀಸ ಪುಡಿ ಮಾಡುವುದು ಸರಿಯಲ್ಲ.

ಆದ್ದರಿಂದ ಮಲಗುವ, ಅಡುಗೆ ಮಾಡುವ, ಮಕ್ಕಳು ಆಡುವ ಕೋಣೆ ಬೇಡ. ಕಿಟಕಿ ತೆರೆದು, ಗಾಳಿ ನಿಮ್ಮ ಬೆನ್ನಿನಿಂದ ಗುರಿಯ ಕಡೆ ಹೋಗುವಂತೆ ಫ್ಯಾನ್ ಇಡಿ. ಅಭ್ಯಾಸದ ನಡುವೆ ಟೀ, ಬೋಂಡ, ಬೀಡಿ ಏನೂ ಬೇಡ. ಮುಗಿದ ಮೇಲೆ ಸೋಪು ಹಾಕಿ ತಣ್ಣೀರಲ್ಲಿ ಕೈ, ಮುಖ ತೊಳೆಯಿರಿ. ಪೊರಕೆ ಹಾಕಬೇಡಿ, ಧೂಳು ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸಬೇಡಿ. ಅಭ್ಯಾಸದ ಅಂಗಿ ಬೇರೆಯಾಗಿ ಒಗೆಯಿರಿ. ಗುಡಿಸಿ ಒರೆಸುವ ಕೆಲಸ ನಿಮ್ಮದೇ, ಅಮ್ಮನದ್ದಲ್ಲ, ಮನೆಗೆಲಸದವರದ್ದಂತೂ ಅಲ್ಲವೇ ಅಲ್ಲ.

ಪೆಟ್ಟಿಗೆ ತುಂಬಿದ ಹಳೇ ಪೆಲೆಟ್‌ಗಳನ್ನು ತಿಪ್ಪೆಗೆ, ಹೊಲಕ್ಕೆ, ಕೆರೆಗೆ ಸುರಿಯಬಾರದು. ಒಲೆ ಮೇಲೆ ಕರಗಿಸಿ ಮೀನಿನ ಗಾಳಕ್ಕೆ ಭಾರ ಮಾಡುವುದೂ ಬೇಡ, ಆ ಹೊಗೆ ಇನ್ನೂ ಕೆಟ್ಟದು. ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಹಳೇ ಬ್ಯಾಟರಿ ತಗೊಳ್ಳುವ ಅಧಿಕೃತ ಮರುಬಳಕೆದಾರರಿಗೆ ಕೊಡಿ. ಸೀಸ ಇಲ್ಲದ ತವರದ ಪೆಲೆಟ್‌ಗಳೂ ಬಂದಿವೆ. ಬೆಲೆ ಹೆಚ್ಚು, ಗಟ್ಟಿ ಇರುವುದರಿಂದ ಪುಟಿಯುವುದೂ ಸ್ವಲ್ಪ ಹೆಚ್ಚು. ಮಕ್ಕಳಿರುವ ಮನೆಗೆ ಅವೇ ವಾಸಿ ಅಂತ ನನ್ನ ಅಭಿಪ್ರಾಯ, ತಡೆ ಪೆಟ್ಟಿಗೆ ಸರಿ ಇದ್ದರೆ.

ಇನ್ನೊಂದು ಮಾತು ರೇಷ್ಮೆ ಮನೆಯವರಿಗೆ. ಮುಂದೆ ಮತ್ತೆ ಹುಳು ಸಾಕುವ ಯೋಚನೆ ಇದ್ದರೆ ಆ ಶೆಡ್ಡಿನಲ್ಲಿ ಸೀಸ ಹೊಡೆಯಬೇಡಿ.

ತಾಗಿಬಿಟ್ಟರೆ

ಚರ್ಮದೊಳಗೆ ಹೊಕ್ಕ ಪೆಲೆಟ್ ಅನ್ನು ಚಿಮಟ, ಬ್ಲೇಡಿನಲ್ಲಿ ಕೀಳಲು ಹೋಗಬೇಡಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ. ಹೊರಗೆ ಸಾಸಿವೆಯಷ್ಟು ಗಾಯ ಕಂಡರೂ ಒಳಗೆ ಎಷ್ಟು ದೂರ ಹೋಗಿದೆ ಅಂತ ಎಕ್ಸ್‌ರೇಯೇ ಹೇಳಬೇಕು. ಎದೆ, ಹೊಟ್ಟೆ, ಕುತ್ತಿಗೆ, ತಲೆಗೆ ತಾಗಿದ್ದರೆ "ಚೆನ್ನಾಗೇ ಮಾತಾಡ್ತಿದ್ದಾನೆ" ಅಂತ ಕಾಯಬೇಡಿ.

ಕಣ್ಣಿಗೆ ತಾಗಿದರೆ ಉಜ್ಜಬಾರದು, ಒತ್ತಬಾರದು, ನೀರು ಹಾಕಿ ತೊಳೆಯಬಾರದು, ಎದೆಹಾಲು, ಎಣ್ಣೆ, ಅರಿಶಿನ ಏನೂ ಬಿಡಬಾರದು. ಪೇಪರ್ ಲೋಟದ ತಳ ಕತ್ತರಿಸಿ ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ ಟೇಪ್ ಹಾಕಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಊಟ, ಕಾಫಿ ಕೊಡಬೇಡಿ. ನಮ್ಮ ಕಡೆಯವರಿಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆ ಇವೆ. 108ಕ್ಕೆ ಫೋನ್ ಮಾಡಿ.

ವೈದ್ಯರಿಗೆ ನಿಜ ಹೇಳಿ. ಗುಂಡಿನ ಗಾಯ ಪೊಲೀಸ್ ಪ್ರಕರಣ ಆಗುತ್ತದೆ ಅನ್ನುವ ಭಯಕ್ಕೆ "ಕಡ್ಡಿ ಚುಚ್ಚಿತು" ಅನ್ನುವವರಿದ್ದಾರೆ. ಕಡ್ಡಿಗೆ ಕೊಡುವ ಚಿಕಿತ್ಸೆ ಬೇರೆ. ಒಳಗೆ ಲೋಹ ಇದೆ ಅಂತ ಗೊತ್ತಿಲ್ಲದೆ ಎಂಆರ್‌ಐ ಮಾಡಿದರೆ, ಅದು ಉಕ್ಕಿನ ಗುಂಡಾಗಿದ್ದರೆ, ಅಯಸ್ಕಾಂತ ಅದನ್ನು ಒಳಗೇ ಎಳೆದಾಡುತ್ತದೆ. ಕಾನೂನಿನ ವಿಷಯಕ್ಕೆ ಬಂದರೆ, ಇನ್ನೊಬ್ಬರ ಜೀವಕ್ಕೆ ಅಪಾಯವಾಗುವ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್, ಸಾವಾದರೆ 106ನೇ ಸೆಕ್ಷನ್. ಲೈಸೆನ್ಸ್ ಬೇಡದ ಬಂದೂಕು ಅನ್ನುವುದು ಅಲ್ಲಿ ರಕ್ಷಣೆ ಆಗುವುದಿಲ್ಲ.

ಮನೆಯೇ ಯಾಕೆ ಅನ್ನುವ ಪ್ರಶ್ನೆ

2008ರಲ್ಲಿ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೆ ಮನೆಯಲ್ಲೇ ರೇಂಜ್ ಇತ್ತು. ಅದು ಶ್ರೀಮಂತ ಅಪ್ಪ ಕಟ್ಟಿಸಿಕೊಟ್ಟ, ಎಲ್ಲ ಅನುಕೂಲವಿದ್ದ ರೇಂಜ್. ಬೆಂಗಳೂರಿನ ಟಿ.ಎಸ್. ದಿವ್ಯಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಏರ್ ಪಿಸ್ತೂಲ್ ಮಿಶ್ರ ತಂಡದ ಬೆಳ್ಳಿ ಗೆದ್ದರು. ಬೆಂಗಳೂರಿನ ತಿಲೋತ್ತಮಾ ಸೇನ್ ಅದೇ ವರ್ಷ ಹದಿನೈದನೇ ವಯಸ್ಸಿಗೇ ಏಷ್ಯನ್ ಚಾಂಪಿಯನ್‌ಷಿಪ್ ಬೆಳ್ಳಿಯ ಜೊತೆ ದೇಶಕ್ಕೆ ಒಲಿಂಪಿಕ್ ಕೋಟಾ ತಂದುಕೊಟ್ಟರು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ತನಕ ಹೋದರು. ಅಂದರೆ ಕರ್ನಾಟಕದಲ್ಲಿ ಪ್ರತಿಭೆಗೆ ಬರ ಇಲ್ಲ. ಮಾಸ್ತಿಯ ಹುಡುಗಿಗೆ ರೇಂಜ್ ಬೇಕಂದರೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು, ಗಂಟೆ ಲೆಕ್ಕದಲ್ಲಿ ಹಣ ಕಟ್ಟಬೇಕು. ಪಡಸಾಲೆಯಲ್ಲಿ ಪೆಟ್ಟಿಗೆ ಕಟ್ಟುವ ಯೋಚನೆ ಹುಟ್ಟುವುದು ಅಲ್ಲಿಂದ.

10 ಮೀಟರ್ ರೇಂಜಿಗೆ ಬೇಕಾದ್ದು ಒಂದು ಉದ್ದನೆಯ ಕೋಣೆ, ಒಳ್ಳೆಯ ಬೆಳಕು, ನಾಲ್ಕು ಉಕ್ಕಿನ ಟ್ರ್ಯಾಪ್, ಬೀಗ ಇರುವ ಕಬ್ಬಿಣದ ಬೀರು, ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ. ಹೋಬಳಿಗೊಂದು ಪಾಳುಬಿದ್ದ ಸರ್ಕಾರಿ ಕಟ್ಟಡವಾದರೂ ಸಿಗುತ್ತದೆ. ತಾಲೂಕು ಕ್ರೀಡಾಂಗಣದ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಅಂತ ಗ್ರಾಮಸಭೆಯಲ್ಲಿ ಅರ್ಜಿ ಕೊಡಬಹುದು. ನಮ್ಮ ಗುಂಪು ಅರ್ಜಿ ಬರೆದಿಟ್ಟಿದೆ, ಮುಂದಿನ ಗ್ರಾಮಸಭೆಗೆ ಹಿಡಿದುಕೊಂಡು ಹೋಗುತ್ತೇವೆ.

ಅಲ್ಲಿಯವರೆಗೆ, ಬಂದೂಕನ್ನೇ ಕೊಳ್ಳದವರಿಗೂ ಒಂದು ಅಭ್ಯಾಸ ಇದೆ. ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಹೊಡೆತ. ಅದರಲ್ಲಿ ಬಹುಪಾಲು ಸಮಯ ಹೋಗುವುದು ನಿಲ್ಲುವುದಕ್ಕೆ, ಉಸಿರು ಹಿಡಿಯುವುದಕ್ಕೆ. ಏರ್ ಪಿಸ್ತೂಲ್ ಒಂದು ಕಿಲೋ ಆಸುಪಾಸು ತೂಗುತ್ತದೆ. ಒಂದು ಲೀಟರ್ ನೀರಿನ ಬಾಟಲಿಯೂ ಅಷ್ಟೇ. ಅದನ್ನು ಒಂದೇ ಕೈಯಲ್ಲಿ ತೋಳು ಚಾಚಿ ಹಿಡಿದು, ಗೋಡೆ ಮೇಲಿನ ಚುಕ್ಕೆಯನ್ನು ನೋಡುತ್ತ ಹದಿನೈದು ಸೆಕೆಂಡ್ ನಿಲ್ಲಿ. ಇಳಿಸಿ, ಒಂದು ನಿಮಿಷ ಬಿಟ್ಟು ಮತ್ತೆ. ಹೀಗೆ ದಿನಕ್ಕೆ ಇಪ್ಪತ್ತು ಸಲ, ಒಂದು ತಿಂಗಳು. ತೋಳು ನಡುಗುವುದು ನಿಂತ ಮೇಲೆ ರೇಂಜಿನ ದಾರಿ ಹಿಡಿಯಿರಿ.